ತವರುಮನೆಯೇ ವಿಮಾನ ಹತ್ತಿದ ಕತೆ

ಶಿವಮೊಗ್ಗದ ವಿದ್ಯಾನಗರದಂಥ ಬಡಾವಣೆಗಳ ನಿವೃತ್ತ ದಂಪತಿಗಳಿಗೆ ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಇಲ್ಲಿ ಎಂಬ ಲೆಕ್ಕ ಬಂದದ್ದು ಎಲ್ಲಿಂದ?

ಏಪ್ರಿಲ್ ಕಳೆಯುವ ಹೊತ್ತಿಗೆ ತುಂಗಾ ಸೇತುವೆ ದಾಟಿ, ಹೊಳೆ ಬಸ್ ಸ್ಟಾಪಿನಿಂದ ವಿದ್ಯಾನಗರದ ಒಳರಸ್ತೆಗಳಿಗೆ ಹೊಕ್ಕರೆ ಕೆಲವು ಮನೆಗಳಲ್ಲಿ ತೂಕದ ಮಾತೇ ಮಾತು. ಹಜಾರದ ನಡುವೆ ಬಾಯಿ ತೆರೆದ ಸೂಟ್‌ಕೇಸುಗಳು, ಪಕ್ಕದಲ್ಲಿ ಕೊಕ್ಕೆಯ ಕೈತಕ್ಕಡಿ. ಒಬ್ಬರಿಗೆ ಎರಡು ಪೆಟ್ಟಿಗೆ, ಒಂದೊಂದಕ್ಕೆ 23 ಕೆ.ಜಿ. "ರೀ, ಇಪ್ಪತ್ತನಾಲ್ಕು ತೋರಿಸ್ತಿದೆ" ಅಂತ ಹೆಂಡತಿ. "ಹಾಗಾದ್ರೆ ನನ್ನ ಸ್ವೆಟರ್ ತೆಗಿ, ಅಪ್ಪೆಮಿಡಿ ಡಬ್ಬಿ ಮುಟ್ಟಬೇಡ" ಅಂತ ಗಂಡ. ಏನು ಒಯ್ಯಬಹುದು, ಏನು ಕೂಡದು ಎಂಬುದು ಈ ಮನೆಗಳಲ್ಲಿ ಬಾಯಿಪಾಠ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸು, ಚಟ್ನಿಪುಡಿ, ಕಾಫಿಪುಡಿಗೆ ತೊಂದರೆಯಿಲ್ಲ. ಬಸಳೆ ಬೀಜ, ತಾಜಾ ಹಣ್ಣು, ಅಕ್ಕಿ ಬೇಡ. ಅಮೆರಿಕದ ವಿಮಾನ ನಿಲ್ದಾಣದಲ್ಲಿ ನಾಯಿ ಮೂಸಿ ಹಿಡಿಯುತ್ತದೆ.

ಮೇ ಮೊದಲ ವಾರಕ್ಕೆ ಮನೆಗೆ ಬೀಗ. ಬಿಸಿಲು ಸುಡುವಾಗ ಅಮೆರಿಕಕ್ಕೆ ಹೊರಟವರು ಮಳೆಗಾಲವನ್ನು ಪೂರ್ತಿ ಅಲ್ಲೇ ಕಳೆದು, ಅಲ್ಲಿ ಹಿಮ ಬೀಳುವ ಮುಂಚೆ ದೀಪಾವಳಿಯ ಆಸುಪಾಸಿನಲ್ಲಿ ಮರಳುತ್ತಾರೆ. ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿರುವ ಮಂಡಗದ್ದೆಯಲ್ಲಿ ಬೆಳ್ಳಕ್ಕಿಗಳು ಮಳೆಗಾಲಕ್ಕೆ ಬಂದಿಳಿದು, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟಿ, ಮರಿ ಹಾರಿದ ಮೇಲೆ ಹೋಗಿಬಿಡುತ್ತವೆ. ಈ ದಂಪತಿಗಳದ್ದು ತದ್ವಿರುದ್ಧ ಪಂಚಾಂಗ. ಆದರೆ ಹೋಗುವ ಕಾರಣ ಮಾತ್ರ ಹಕ್ಕಿಗಳದ್ದೇ: ಮರಿಗಳು.

ಜಗತ್ತಿನ ಬೇರೆಡೆಯೂ ನಿವೃತ್ತರು ಹೀಗೆ ಋತು ನೋಡಿ ಊರು ಬದಲಿಸುತ್ತಾರೆ. ಕೆನಡಾದ ಚಳಿಯಿಂದ ತಪ್ಪಿಸಿಕೊಂಡು ಮೆಕ್ಸಿಕೋದ ಪುಯೆರ್ತೊ ವಯಾರ್ತ, ಮಸಾತ್ಲಾನ್‌ನಂಥ ಕಡಲತೀರದ ಊರುಗಳಲ್ಲಿ ಚಳಿಗಾಲ ಕಳೆಯುವವರನ್ನು 'ಸ್ನೋಬರ್ಡ್' ಎನ್ನುವುದುಂಟು. ಅವರು ಬಾಡಿಗೆ ಮನೆ ಹಿಡಿಯುತ್ತಾರೆ, ಬೆಳಿಗ್ಗೆ ಮರಳಿನ ಮೇಲೆ ನಡೆಯುತ್ತಾರೆ, ಮಾರುಕಟ್ಟೆಯಲ್ಲಿ ಮೀನು ಕೊಳ್ಳುತ್ತಾರೆ, ಸಂಜೆ ತಮ್ಮ ಊರಿನವರೊಡನೆ ಇಸ್ಪೀಟಾಡುತ್ತಾರೆ. ಅವರಿಗೂ ಕಾಗದದ ಗಡಿಯಿದೆ. ಮೆಕ್ಸಿಕೋ ಪ್ರವಾಸಿಗೆ ಹೆಚ್ಚೆಂದರೆ 180 ದಿನ ಕೊಡುತ್ತದೆ. ಒಂಟಾರಿಯೊ ಪ್ರಾಂತ್ಯದವರು 12 ತಿಂಗಳಲ್ಲಿ 212 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ಸರ್ಕಾರಿ ಆರೋಗ್ಯ ವಿಮೆಗೇ ಕುತ್ತು. ಅಲ್ಲಿಗೆ ಹೋಲಿಕೆ ಮುಗಿಯಿತು. ಅವರು ಹೋಗುವುದು ವಿಶ್ರಾಂತಿಗೆ, ನಮ್ಮವರು ಹೋಗುವುದು ಕೆಲಸಕ್ಕೆ. ಸಂಬಳವಿಲ್ಲದ, ಒಲ್ಲೆನೆನ್ನಲಾಗದ, ಒಲ್ಲೆನೆನ್ನಲು ಮನಸ್ಸೂ ಬಾರದ ಕೆಲಸ.

ಕ್ವಾರ್ಟರ್ಸ್ ಬಿಟ್ಟ ಮೇಲೆ

ಈ ಕತೆಯ ಬೇರು ಭದ್ರಾವತಿಯಲ್ಲಿದೆ. 1923ರ ಜನವರಿಯಲ್ಲಿ ಅಲ್ಲಿನ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು, ಆಡಳಿತ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ನ್ಯೂ ಟೌನ್, ಪೇಪರ್ ಟೌನ್‌ಗಳಲ್ಲಿ ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ, ಸೈರನ್ನಿಗೆ ಹೊಂದಿಕೊಂಡ ದಿನಚರಿ. ಅಕ್ಕಪಕ್ಕದ ಜಿಲ್ಲೆಗಳಿಂದಲೂ ತಮಿಳು, ತೆಲುಗು ನಾಡುಗಳಿಂದಲೂ ಜನ ಬಂದು ಕೆಲಸಕ್ಕೆ ಸೇರಿದರು.

ಕ್ವಾರ್ಟರ್ಸಿನ ಕಟ್ಟಳೆ ಒಂದೇ: ನಿವೃತ್ತಿಯಾದರೆ ಖಾಲಿ ಮಾಡಬೇಕು. ಹಾಗಾಗಿ ಪ್ರಾವಿಡೆಂಟ್ ಫಂಡು, ಗ್ರಾಚ್ಯುಟಿ ಕೈಗೆ ಬಂದಾಗ ಮೊದಲು ಕೊಂಡದ್ದು ಸೈಟು, ಕಟ್ಟಿದ್ದು ಮನೆ. ಕೆಲವರು ಭದ್ರಾವತಿಯ ಜನ್ನಾಪುರದಲ್ಲೇ ಉಳಿದರು, ಕೆಲವರು ಬಿ.ಎಚ್. ರಸ್ತೆ ಹಿಡಿದು ಶಿವಮೊಗ್ಗಕ್ಕೆ ಬಂದರು. ಆ ದಾರಿಯಲ್ಲಿ ಹೊಳೆಗೆ ಮುಂಚೆ ಸಿಗುವುದೇ ವಿದ್ಯಾನಗರ. 1940ರ ದಶಕದಲ್ಲಿ ಇಂಟರ್‌ಮೀಡಿಯೆಟ್ ತರಗತಿಗಳ ಮನೆಯಾಗಿದ್ದ ಸಹ್ಯಾದ್ರಿ ಕಾಲೇಜು ಇರುವುದು ಇಲ್ಲೇ. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅದು ವಿಶ್ವವಿದ್ಯಾಲಯದ ತೆಕ್ಕೆಗೆ ಬಂತು. ಬಡಾವಣೆಯಲ್ಲಿ ಮೇಷ್ಟ್ರುಗಳೂ ಕಾರ್ಖಾನೆಯವರೂ ನೆರೆಹೊರೆಯಾದರು. ಒಂದೇ ಮನೆಯಲ್ಲಿ ಇಬ್ಬರೂ ಸೇರಿದ್ದುಂಟು: ಗಂಡ ಕಾರ್ಖಾನೆಯಿಂದ, ಹೆಂಡತಿ ಹೈಸ್ಕೂಲಿನಿಂದ ನಿವೃತ್ತರು. ಇಬ್ಬರ ಪಿಂಚಣಿಯ ಲೆಕ್ಕ ಬೇರೆ ಬೇರೆ. ಸರ್ಕಾರಿ ಟೀಚರ್‌ಗೆ ಸಂಬಳಕ್ಕೆ ತಕ್ಕ ಪಿಂಚಣಿ. ಕಾರ್ಖಾನೆಯವರಿಗೆ 1995ರ ನೌಕರರ ಪಿಂಚಣಿ ಯೋಜನೆಯಡಿ ಬರುವ ಸಣ್ಣ ಮೊತ್ತ, 2014ರಲ್ಲಿ ಅದರ ಕನಿಷ್ಠ ಮಟ್ಟ ನಿಗದಿಯಾದದ್ದು ತಿಂಗಳಿಗೆ 1,000 ರೂಪಾಯಿ. "ನಮ್ಮ ಮನೆ ನಡೆಯೋದು ಟೀಚರ್ ದುಡ್ಡಲ್ಲಿ" ಎಂದು ನಗುವ ಯಜಮಾನರು ಈ ಊರಲ್ಲಿ ಬೇಕಾದಷ್ಟು.

ಈ ಮನೆಗಳ ಮಕ್ಕಳು ಓದಿದರು. ಓದುವುದಕ್ಕೆ ದೂರ ಹೋಗಬೇಕಿರಲಿಲ್ಲ. 1946ರಲ್ಲಿ ಶುರುವಾದ ನ್ಯಾಷನಲ್ ಎಜುಕೇಷನ್ ಸೊಸೈಟಿ 1980ರಲ್ಲಿ ಜವಾಹರಲಾಲ್ ನೆಹರೂ ಎಂಜಿನಿಯರಿಂಗ್ ಕಾಲೇಜನ್ನು ತೆರೆದಿತ್ತು. ಅಪ್ಪ ಕುಲುಮೆಯ ಮುಂದೆ ಬೆವರಿದ್ದರೆ ಮಗ, ಮಗಳು ಕಂಪ್ಯೂಟರಿನ ಮುಂದೆ ಕೂತರು. ಕಾರ್ಖಾನೆಯಲ್ಲಿ ಅಪ್ಪನ ಕೆಲಸ ಮಗನಿಗೆ ಸಿಗುವ ಕಾಲವೂ ಮುಗಿಯುತ್ತ ಬಂದಿತ್ತು. ಕಾಗದ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ, ಅದರ ಉತ್ಪಾದನೆಗೆ ನೂರು ತುಂಬಿದ ತಿಂಗಳಲ್ಲೇ ಹೊರಬಿದ್ದು ಕಾರ್ಮಿಕರು ಧರಣಿ ಕೂತರು. ಅಷ್ಟರೊಳಗೆ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರು ದಾಟಿ ಹೋಗಿಯಾಗಿತ್ತು.

ಬಾಣಂತನ ದಿಕ್ಕು ಬದಲಿಸಿದ್ದು

ಅಮೆರಿಕ ತನ್ನ ವಲಸೆ ಕಾನೂನನ್ನು ಬದಲಿಸಿ ಏಷ್ಯಾದವರಿಗೆ ಬಾಗಿಲು ತೆರೆದದ್ದು 1965ರಲ್ಲಿ. ಆಗ ಹೋದವರು ಹೆಚ್ಚಾಗಿ ಡಾಕ್ಟರುಗಳು, ಸಂಶೋಧಕರು, ಎಂಜಿನಿಯರುಗಳು. ಅಪ್ಪ ಅಮ್ಮನನ್ನು ಕರೆಸಿಕೊಳ್ಳುವುದೆಂದರೆ ಬದುಕಿಗೊಮ್ಮೆಯ ಯಾತ್ರೆ. ನಯಾಗರ ನೋಡಿ, ಪಿಟ್ಸ್‌ಬರ್ಗಿನ ವೆಂಕಟೇಶ್ವರನಿಗೆ ಕೈಮುಗಿದು, ಫೋಟೋ ತೆಗೆಸಿಕೊಂಡು ಬರುತ್ತಿದ್ದರು. 1990ರ ಕಾನೂನು ಎಚ್-1ಬಿ ವೀಸಾ ತಂದಿತು. ವರ್ಷಕ್ಕೆ 65,000 ಇದ್ದ ಮಿತಿ 2001ರಿಂದ ಮೂರು ವರ್ಷ 1,95,000ಕ್ಕೆ ಏರಿತು. ಸಣ್ಣ ಊರುಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರು ಗುಂಪುಗುಂಪಾಗಿ ಹೋದದ್ದು ಆಗ. ಹೋದವರು ಮದುವೆಯಾದರು. ಮದುವೆಯಾದ ಎರಡು ಮೂರು ವರ್ಷಕ್ಕೆ ವಿದ್ಯಾನಗರದ ಮನೆಗೆ ಆ ಫೋನು ಬಂತು.

ಹಳೆಯ ಪದ್ಧತಿಯಾಗಿದ್ದರೆ ಮಗಳು ಏಳನೆಯ ತಿಂಗಳಿಗೆ ತವರಿಗೆ ಬರಬೇಕು. ಮೊದಲ ಹೆರಿಗೆ ತವರಿನದ್ದು. ಹಂಡೆಯ ಬಿಸಿನೀರು, ಎಣ್ಣೆಸ್ನಾನ, ಲೋಬಾನದ ಹೊಗೆ, ಕಾಳುಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ, ಅಂಟಿನುಂಡೆ, ಮೂರೋ ಐದೋ ತಿಂಗಳಿಗೆ ಬಾಣಂತಿಯನ್ನು ತೊಟ್ಟಿಲ ಸಮೇತ ಗಂಡನ ಮನೆಗೆ ಕಳಿಸುವುದು. ಈಗ ಮಗಳು ಬರುವಂತಿರಲಿಲ್ಲ. ಹೆರಿಗೆಯ ಖರ್ಚು ಕೊಡುವ ವಿಮೆ ಅಲ್ಲಿನ ಕೆಲಸಕ್ಕೆ ಅಂಟಿಕೊಂಡಿತ್ತು. ವೀಸಾ ಮುದ್ರೆಗಾಗಿ ಮತ್ತೆ ಸಾಲಲ್ಲಿ ನಿಲ್ಲುವ ಭಯವಿತ್ತು. ಅಲ್ಲಿ ಹುಟ್ಟಿದ ಮಗುವಿಗೆ ಸಿಗುತ್ತಿದ್ದ ಪೌರತ್ವದ ಯೋಚನೆಯೂ ಇತ್ತು. ರಜೆಯ ಲೆಕ್ಕವಂತೂ ಬಿಗಿ. ಭಾರತದಲ್ಲಿ 2017ರ ತಿದ್ದುಪಡಿಯ ಬಳಿಕ ಹೆರಿಗೆಗೆ 26 ವಾರಗಳ ಸಂಬಳದ ರಜೆ ಇದೆ. ಅಮೆರಿಕದಲ್ಲಿ 1993ರ ಕೇಂದ್ರ ಕಾನೂನು ಕೊಡುವುದು 12 ವಾರ, ಅದೂ ಸಂಬಳವಿಲ್ಲದ್ದು. ಮೂರು ತಿಂಗಳ ಕೂಸನ್ನು ಯಾರ ಕೈಗೆ ಕೊಡುವುದು?

ಹಾಗಾಗಿ ಮಗಳು ತವರಿಗೆ ಬರುವ ಬದಲು ತವರೇ ಮಗಳ ಮನೆಗೆ ಹೊರಟಿತು. ಟೀಚರಮ್ಮ ಬಾಣಂತಿ ಖಾರ ಕುಟ್ಟಿಸಿದರು, ಬಜೆ ಕಟ್ಟಿಕೊಂಡರು, ಹಳೆಯ ಮೆತ್ತನೆ ಸೀರೆಗಳನ್ನು ಹರಿದು ಮಡಿಸಿದರು. ಅಲ್ಲಿ ಹೋಗಿ ನೋಡಿದರೆ ಹಂಡೆಯಿಲ್ಲ, ಬಚ್ಚಲೊಲೆಯಿಲ್ಲ. ಬಾತ್‌ಟಬ್ಬಿನ ಅಂಚಿಗೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು, ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು ನೀರು ಹಾಕಬೇಕು. ಎಲ್ಲಕ್ಕಿಂತ ಪಜೀತಿಯ ಸಂಗತಿ ಲೋಬಾನ. ಕೂಸಿನ ತಲೆಗೂದಲಿಗೆ ಹೊಗೆ ಹಿಡಿಯುವುದೇ ತಡ, ಛಾವಣಿಯಲ್ಲಿದ್ದ ಅಲಾರಂ ಕಿರುಚಿ ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ. ಅಳಿಯ ಕುರ್ಚಿ ಹತ್ತಿ ಟವೆಲ್ ಬೀಸುತ್ತಾನೆ, ಮಾವ ಕಿಟಕಿ ತೆರೆಯುತ್ತಾರೆ. ಮರುದಿನದಿಂದ ಲೋಬಾನಕ್ಕೆ ರಜೆ, ಹೇರ್ ಡ್ರೈಯರಿಗೆ ಕೆಲಸ.

"ಬಾಣಂತನಕ್ಕೆ ಗಂಡಸರು ಯಾಕೆ?" ಎಂದು ಕೇಳಿದವರಿದ್ದರು. ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ತಳ್ಳುಗಾಡಿ ತಳ್ಳಲು, ಡಯಾಪರಿನ ಕಸ ಹೊರಗಿಡಲು, ಹಿರಿಯ ಮಗುವನ್ನು ಸ್ಕೂಲ್ ಬಸ್ಸಿನಿಂದ ಇಳಿಸಿಕೊಳ್ಳಲು ಆಳು ಬೇಕು. ಕಾರ್ಖಾನೆಯಲ್ಲಿ ಶಿಫ್ಟ್ ಮಾಡಿದವರಿಗೆ ಇದು ಹೊಸತೂ ಅಲ್ಲ. ಮಗಳ ಬಾಣಂತನ ಮುಗಿಯುವಾಗ ಸೊಸೆಯದ್ದು ಬಂತು. ಆಮೇಲೆ ಎರಡನೆಯ ಮೊಮ್ಮಗು. ಒಂದು ಸಲದ ಪ್ರಯಾಣ ವರ್ಷವರ್ಷದ ರೂಢಿಯಾದದ್ದು ಹೀಗೆ.

ಆರು ತಿಂಗಳು ಯಾರ ಲೆಕ್ಕ

ಹೋಗಿ ಬರುವ ಅವಧಿಯನ್ನು ಈ ದಂಪತಿಗಳು ತಾವೇ ಗೊತ್ತುಮಾಡಿಕೊಂಡದ್ದಲ್ಲ. ಪ್ರವಾಸಿ ವೀಸಾ ಹತ್ತು ವರ್ಷದ್ದಾದರೂ ಪ್ರತಿ ಸಲ ಇಳಿದಾಗ ಅಧಿಕಾರಿ ಕೊಡುವುದು ಸಾಮಾನ್ಯವಾಗಿ ಆರು ತಿಂಗಳು. ಹಿಂದೆ ಆ ದಿನಾಂಕ ಬರೆದ ಬಿಳಿ ಚೀಟಿಯನ್ನು ಪಾಸ್‌ಪೋರ್ಟಿಗೆ ಪಿನ್ನು ಹೊಡೆಯುತ್ತಿದ್ದರು. 2013ರಿಂದ ಅದು ಕಂಪ್ಯೂಟರಿಗೆ ಹೋಯಿತು, ಮಗ ಮೊಬೈಲಿನಲ್ಲಿ ನೋಡಿ ಹೇಳುತ್ತಾನೆ. ವೀಸಾ ಪಡೆಯುವುದೇ ಒಂದು ಯಾತ್ರೆ: ಫೈಲು ಹಿಡಿದು ಚೆನ್ನೈಗೆ ಹೋಗಿ, ಮನೆ ಪತ್ರ, ಪಿಂಚಣಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಎಲ್ಲ ಜೋಡಿಸಿಕೊಂಡು, ಗಾಜಿನಾಚೆಯ ಅಧಿಕಾರಿ ಕೇಳುವ ಎರಡೇ ಪ್ರಶ್ನೆಗೆ ಉತ್ತರ ಕೊಟ್ಟು ಬರುವುದು. 2025ರ ಜನವರಿಯಲ್ಲಿ ಬೆಂಗಳೂರಿಗೆ ಅಮೆರಿಕದ ಕಾನ್ಸುಲೇಟ್ ಬಂದರೂ ಆರಂಭದಲ್ಲಿ ವೀಸಾ ಕೆಲಸ ಅಲ್ಲಿರಲಿಲ್ಲ.

ಪೌರತ್ವ ಪಡೆದ ಮಕ್ಕಳು ತಂದೆ ತಾಯಿಗೆ ಗ್ರೀನ್ ಕಾರ್ಡ್ ಮಾಡಿಸಬಹುದು, ಅದಕ್ಕೆ ವಾರ್ಷಿಕ ಮಿತಿಯೂ ಇಲ್ಲ. ಆದರೆ ಕಾರ್ಡು ಉಳಿಸಿಕೊಳ್ಳಲು ಅಲ್ಲೇ ನೆಲೆಸಬೇಕು. 65 ದಾಟಿದವರಿಗೂ ಸರ್ಕಾರದ ಮೆಡಿಕೇರ್ ಕೊಳ್ಳುವ ಅವಕಾಶ ಸಿಗುವುದು ಐದು ವರ್ಷ ಸತತವಾಗಿ ವಾಸವಿದ್ದ ಮೇಲೆ. ಹಾಗಾಗಿ ಹಲವರು ಅದರ ಗೋಜಿಗೆ ಹೋಗಲಿಲ್ಲ. ಕೆನಡಾದಲ್ಲಿ ಮಕ್ಕಳಿರುವವರ ಲೆಕ್ಕ ಬೇರೆ. ಅಲ್ಲಿ 2011ರ ಡಿಸೆಂಬರಿನಿಂದ ತಂದೆ ತಾಯಿಗೆಂದೇ ಸೂಪರ್ ವೀಸಾ ಇದೆ. 2022ರಿಂದ ಒಮ್ಮೆ ಹೋದರೆ ಐದು ವರ್ಷದವರೆಗೆ ಇರಬಹುದು, ಕನಿಷ್ಠ 1,00,000 ಕೆನಡಿಯನ್ ಡಾಲರಿನ ಆರೋಗ್ಯ ವಿಮೆ ತೋರಿಸಬೇಕು. ಐದು ವರ್ಷ ಇರಲು ಅವಕಾಶವಿದ್ದರೂ ಚಳಿ ಬಿದ್ದೊಡನೆ ವಾಪಸು ಬರುವವರೇ ನಮ್ಮಲ್ಲಿ ಕಾಣಿಸುತ್ತಾರೆ.

ಈ ಕಡೆಯಿಂದ ಎಳೆಯುವ ಹಗ್ಗವೂ ಒಂದಿತ್ತು. ಪಿಂಚಣಿದಾರರು ಬದುಕಿದ್ದೇವೆಂದು ಬ್ಯಾಂಕಿಗೆ ತೋರಿಸುವ ತಿಂಗಳು ನವೆಂಬರ್. ಹೊರದೇಶದಲ್ಲಿದ್ದರೆ ಅಧಿಕಾರಿಯೊಬ್ಬರ ಸಹಿ ಹಾಕಿಸಿ ಅಂಚೆಯಲ್ಲಿ ಕಳಿಸುವ ಪಾಡು. ಅದಕ್ಕಿಂತ ತಾವೇ ಬಂದು ಬ್ಯಾಂಕಿನ ಮುಂದೆ ಸಾಲು ನಿಲ್ಲುವುದು ಲೇಸು. 2014ರ ನವೆಂಬರಿನಲ್ಲಿ 'ಜೀವನ ಪ್ರಮಾಣ' ಎಂಬ ಡಿಜಿಟಲ್ ವ್ಯವಸ್ಥೆ ಬಂತು, ಮುಂದೆ ಮೊಬೈಲಿಗೆ ಮುಖ ತೋರಿಸಿದರೂ ಸಾಕೆಂದಾಯಿತು. ಹಗ್ಗ ಸಡಿಲವಾದರೂ ನವೆಂಬರಿಗೆ ಬರುವ ಅಭ್ಯಾಸ ಹೋಗಲಿಲ್ಲ.

2020ರಲ್ಲಿ ಕೊರೊನಾ ಬಂದು ಈ ಲೆಕ್ಕವೆಲ್ಲ ತಲೆಕೆಳಗಾಯಿತು. ಮಾರ್ಚ್ 23ರಿಂದ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ವಾಡಿಕೆ ತಪ್ಪಿ ಆಗ ಅಲ್ಲಿದ್ದವರ ಆರು ತಿಂಗಳು ತೀರಿ, ಶುಲ್ಕ ಕಟ್ಟಿ ಗಡುವು ವಿಸ್ತರಣೆಗೆ ಅರ್ಜಿ ಹಾಕಬೇಕಾಯಿತು. ಊರಿಂದ ತಂದ ಬಿಪಿ, ಶುಗರ್ ಮಾತ್ರೆಗಳು ಮುಗಿಯುತ್ತ ಬಂದವು. ಮೇ 7ರಿಂದ ಸಿಕ್ಕಿಬಿದ್ದವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಹಾರತೊಡಗಿದಾಗ ಸೀಟಿಗಾಗಿ ಕಾದವರಲ್ಲಿ ಇಂಥ ಅಜ್ಜ ಅಜ್ಜಿಯರೂ ಇದ್ದರು.

ಅಲ್ಲಿನ ದಿನ, ಇಲ್ಲಿನ ಮನೆ

ಅಲ್ಲಿ ದಿನ ಹೇಗೆ ಕಳೆಯುತ್ತದೆ? ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಂಥ ಊರನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಏಳಕ್ಕೆ ಡಬ್ಬಿಗಳು, ಎಂಟಕ್ಕೆ ಮೊಮ್ಮಗನ ಶೂ ಹುಡುಕಾಟ, ಒಂಬತ್ತಕ್ಕೆ ಮನೆ ಗಪ್‌ಚಿಪ್. ಕಾರು ಓಡಿಸಲು ಬಾರದವರಿಗೆ ಕಾಲೇ ಗತಿ. ಉದ್ಯಾನದ ಬೆಂಚಿನಲ್ಲಿ ಹಾಸನದವರೊಬ್ಬರು, ಗುಂಟೂರಿನವರೊಬ್ಬರು, ಸೂರತ್ತಿನವರೊಬ್ಬರು ಸಿಗುತ್ತಾರೆ. ಮಾತಿಗೆ ಸಕ್ಕರೆ ಕಾಯಿಲೆ, ಮೊಮ್ಮಕ್ಕಳ ಹಟ, ಊರಿನ ಮಳೆ ಇದ್ದೇ ಇವೆ. ಮಧ್ಯಾಹ್ನ ಮೂರಕ್ಕೆ ಶಾಲೆಯ ಗೇಟು. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ. ಹಾಗಾಗಿ ನಾಳೆಯ 'ಪ್ರಜಾವಾಣಿ' ಇವತ್ತು ಸಂಜೆಯ ಕಾಫಿಗೇ ಮೊಬೈಲಿನಲ್ಲಿ ತೆರೆದುಕೊಳ್ಳುತ್ತದೆ. ಶನಿವಾರ ಲಿವರ್‌ಮೋರಿನ ಶಿವ ವಿಷ್ಣು ದೇವಸ್ಥಾನ. ಆಗಾಗ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟದ ಕಾರ್ಯಕ್ರಮ. ಆ ಕೂಟ ಹುಟ್ಟಿದ್ದು 1973ರಲ್ಲಿ, ಇವರ ಮಕ್ಕಳು ಹುಟ್ಟುವ ಮುಂಚೆ.

ಬೇಸರವಿಲ್ಲವೆಂದಲ್ಲ. ಹೊಸ್ತಿಲಲ್ಲಿ ನಿಂತು ಕೂಗಿದರೆ ಓಗೊಡುವ ನೆರೆಯಿಲ್ಲ. ಹಲ್ಲು ನೋವು ಬಂದರೆ ಬಿಲ್ಲಿನ ಹೆದರಿಕೆ. ಪ್ರಯಾಣ ವಿಮೆ ಹಳೆಯ ಕಾಯಿಲೆಯನ್ನು ಸಾಮಾನ್ಯವಾಗಿ ಹೊರಗಿಡುತ್ತದೆ. ಅದಕ್ಕೇ ಹೊರಡುವ ಮುಂಚೆ ಶಿವಮೊಗ್ಗದಲ್ಲೇ ಹಲ್ಲು, ಕಣ್ಣು, ಇ.ಸಿ.ಜಿ. ಎಲ್ಲ ಮುಗಿಸಿಕೊಳ್ಳುತ್ತಾರೆ.

ಇತ್ತ ಮಲೆನಾಡಿನ ಮಳೆ ಬೀಗ ಹಾಕಿದ ಮನೆಯನ್ನು ಸುಮ್ಮನೆ ಬಿಡುವುದಿಲ್ಲ. ಗೋಡೆಗೆ ತೇವ, ಮರದ ಬೀರುವಿಗೆ ಬೂಷ್ಟು, ಅಂಗಳಕ್ಕೆ ಪಾಚಿ. ಹೋಗುವ ಮುಂಚೆ ಫ್ರಿಜ್ಜು ಖಾಲಿ ಮಾಡಿ ಬಾಗಿಲಿಗೆ ಬಟ್ಟೆ ಸಿಕ್ಕಿಸಿ, ಗ್ಯಾಸಿನ ರೆಗ್ಯುಲೇಟರ್ ಕಳಚಿ, ರೇಷ್ಮೆ ಸೀರೆಗಳ ನಡುವೆ ನುಸಿಗುಳಿಗೆ ಇಟ್ಟು, ಕೀಲಿಕೈ ಪಕ್ಕದ ಮನೆಗೆ ಕೊಡುತ್ತಾರೆ. ಪಕ್ಕದವರು ಹದಿನೈದು ದಿನಕ್ಕೊಮ್ಮೆ ಕಿಟಕಿ ತೆಗೆದು ಗಾಳಿಯಾಡಿಸಬೇಕು. ಮೆಸ್ಕಾಂ ಬಿಲ್ಲನ್ನು ಮಗ ಅಲ್ಲಿಂದಲೇ ಕಟ್ಟುತ್ತಾನೆ. ಜುಲೈ ಬಂದರೆ ಫ್ರೀಮಾಂಟಿನಿಂದ ವಿದ್ಯಾನಗರಕ್ಕೆ ಬರುವ ಪ್ರಶ್ನೆ ಒಂದೇ: "ಮಂಟಪ ಮುಳುಗಿತಾ?" ಕೋರ್ಪಲಯ್ಯನ ಛತ್ರದ ಬಳಿ ತುಂಗೆಯ ನಡುವಿರುವ ಆ ಮಂಟಪ ಮುಳುಗಿದರೆ ಆ ವರ್ಷದ ಮಳೆ ಆಯಿತೆಂಬುದು ಶಿವಮೊಗ್ಗದವರ ಅಳತೆ. ಗಾಜನೂರು ಅಣೆಕಟ್ಟೆಯಿಂದ ಬಿಟ್ಟ ನೀರಿನ ಲೆಕ್ಕ ಆಮೇಲಿನದು. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದಾಗ ಸಾವಿರಾರು ಮೈಲಿಯಾಚೆ ನಿದ್ದೆಗೆಟ್ಟವರಿದ್ದರು.

ಚಳಿಗಾಲ ಊರಿನದ್ದು

ಬಂದವರಿಗೆ ಊರು ಒಳ್ಳೆಯ ಮುಖ ತೋರಿಸುವ ಕಾಲವಿದು. ಮಳೆ ಹೋಗಿದೆ, ಸೆಕೆ ಬಂದಿಲ್ಲ. ಹಳ್ಳಿಗಳಲ್ಲಿ ಅಡಿಕೆ ಕೊಯ್ಲು, ಮಾರುಕಟ್ಟೆಯಲ್ಲಿ ಅವರೆಕಾಯಿ, ಸಾಲುಸಾಲು ಮದುವೆ, ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆಯ ಜಾತ್ರೆ. "ಯಾವಾಗ ಬಂದಿದ್ದು ಟೀಚರ್?" ಎಂಬ ಪ್ರಶ್ನೆಗೆ ಒಂದು ವಾರ ಉತ್ತರಿಸಿದರೆ ಮತ್ತೆ ಊರಿನವರು.

ದಾರಿಯೂ ಹತ್ತಿರವಾಗಿದೆ, ಲೆಕ್ಕದಲ್ಲಾದರೂ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ, 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ ವಿಮಾನ, 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದ ಉದ್ಘಾಟನೆ, ಅದೇ ವರ್ಷದ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ. ಸೋಗಾನೆ ಇವರ ಮನೆಯಿಂದ ಕೂಗಳತೆ. ಆದರೆ ಒಳನಾಡಿನ ಟಿಕೆಟಿಗೆ ಸಾಮಾನ್ಯವಾಗಿ 15 ಕೆ.ಜಿ. ಸಾಮಾನು, ಅಮೆರಿಕದ ಟಿಕೆಟಿಗೆ 46. ಅಪ್ಪೆಮಿಡಿಯ ಡಬ್ಬಿ ಬಿಟ್ಟುಹೋಗಲಾರದವರು ಈಗಲೂ ರಾತ್ರಿ ಟ್ಯಾಕ್ಸಿಯಲ್ಲಿ 300 ಕಿ.ಮೀ. ಕೂತೇ ಹೋಗುತ್ತಾರೆ.

ಈ ರೂಢಿ ಎಷ್ಟು ವರ್ಷ ನಡೆಯುತ್ತದೆ ಎಂಬುದನ್ನು ನಿರ್ಧರಿಸುವುದು ಮೊಮ್ಮಕ್ಕಳ ವಯಸ್ಸು. ಕಿರಿಯದು ಶಾಲೆಯಿಂದ ಬಂದು ತಾನೇ ಬಾಗಿಲು ತೆಗೆದುಕೊಳ್ಳುವಂತಾದರೆ ಅಜ್ಜ ಅಜ್ಜಿಗೆ ಅಲ್ಲಿ ಕೆಲಸವಿಲ್ಲ. ಅಷ್ಟು ಹೊತ್ತಿಗೆ ಇವರಿಗೆ ಎಪ್ಪತ್ತೈದು ದಾಟಿರುತ್ತದೆ, ವಿಮೆಯ ಕಂತು ಏರಿರುತ್ತದೆ, ಮಂಡಿ ಹದಿನಾರು ಗಂಟೆ ಕೂರಲು ಒಪ್ಪುವುದಿಲ್ಲ. ಈಗ ಹೋಗಬೇಕಾದವರು ಇವರಲ್ಲ, ಬರಬೇಕಾದವರು ಮಕ್ಕಳು. ಕಾಗದ ಅಡ್ಡಿ ಮಾಡುವುದಿಲ್ಲ. ಪೌರತ್ವ ಬದಲಿಸಿದವರಿಗೂ 2006ರಿಂದ ಓ.ಸಿ.ಐ. ಕಾರ್ಡಿನ ಮೇಲೆ ಜೀವಮಾನವಿಡೀ ಬಂದುಹೋಗಲು ಅವಕಾಶವಿದೆ. ಅಡ್ಡಿಯಿರುವುದು ರಜೆಯಲ್ಲಿ: ಡಿಸೆಂಬರಿನ ಎರಡು ಮೂರು ವಾರ, ಅದರಲ್ಲೇ ಮದುವೆ, ದೇವಸ್ಥಾನ, ಬೆಂಗಳೂರಿನ ನೆಂಟರು.

ಕೊರೊನಾ ಕಲಿಸಿದ ಒಂದು ಪಾಠವನ್ನು ಕೆಲವು ಮನೆಗಳು ಬಳಸಿಕೊಳ್ಳುತ್ತಿವೆ. ಮಹಡಿಯ ಕೋಣೆಗೆ ಫೈಬರ್ ಇಂಟರ್‌ನೆಟ್, ಯುಪಿಎಸ್, ಒಂದು ಮೇಜು. ಮಗ ರಾತ್ರಿ ಅಲ್ಲಿನ ಆಫೀಸಿಗೆ, ಹಗಲು ಅಪ್ಪನ ಡಾಕ್ಟರಿಗೆ. ಕಂಪನಿ ಒಪ್ಪಿದರೆ ಆರು ವಾರ, ಒಪ್ಪದಿದ್ದರೆ ಮೂರು. ಅಪ್ಪ ಅಮ್ಮ ವರ್ಷಕ್ಕೆ ಆರು ತಿಂಗಳು ಕೊಟ್ಟಿದ್ದರು. ಮಕ್ಕಳ ಕೈಲಿ ಸದ್ಯಕ್ಕೆ ಆಗುತ್ತಿರುವುದು ಇಷ್ಟು.